ಟ್ಯಾಲಿ ಬಂದರೆ ಸಾಕು ಅನ್ನುವವರಿಗೆ

“ಸಾರ್, ಲೆಕ್ಕ ಬರೆಯಲು ನಿಮ್ಮ ಕಡೆ ಯಾರಾದರೂ ಹುಡುಗರಿದ್ದರೆ ಕಳಿಸಿಕೊಡಿ. ಬಿ.ಕಾಂ. ಆಗಿ ಟ್ಯಾಲಿ ಬಂದರೆ ಸಾಕು.” ಮಾರ್ಚ್ ಹತ್ತಿರ ಬಂತೆಂದರೆ ಟ್ರಸ್ಟು, ಸೊಸೈಟಿಗಳ ಕಾರ್ಯದರ್ಶಿಗಳಿಂದ ಆಡಿಟರ್ ಆದ ನನಗೆ ಈ ಫೋನು ಶುರು. ಟ್ಯಾಲಿ ಬರೀ ಲೆಕ್ಕ ಬರೆಯುವ ಸಾಫ್ಟ್‌ವೇರ್, ಅದೊಂದೇ ಸಾಲದು ಎಂದು ಎಷ್ಟು ಹೇಳಿದರೂ ಮುಂದಿನ ಮಾರ್ಚಿಗೆ ಮತ್ತದೇ. ಇನ್ನು ಕೆಲವರು “ನೀವೇ ಬರೆದುಬಿಡಿ” ಅನ್ನುತ್ತಾರೆ. ಲೆಕ್ಕ ನಾನೇ ಬರೆದು ಆಡಿಟ್ಟೂ ನಾನೇ ಮಾಡಲು ನಮ್ಮ ವೃತ್ತಿ ನಿಯಮ ಬಿಡುವುದಿಲ್ಲ.

ಟ್ಯಾಲಿ ಬರದಿದ್ದರೆ ಕಲಿಯಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದು ಪಳಗಿದವರೂ ಟ್ರಸ್ಟಿಗೆ ಬಂದು ಎಡವುವುದು ಬೇರೆ ಕಡೆ. ಅಂಗಡಿಯ ಗಲ್ಲಾಕ್ಕೆ ಬಿದ್ದ ದುಡ್ಡೆಲ್ಲ ಮಾಲೀಕರದು. ಯಾವ ಗಿರಾಕಿ ಕೊಟ್ಟ ನೋಟಿನಿಂದ ಕರೆಂಟ್ ಬಿಲ್ ಕಟ್ಟಿದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಟ್ರಸ್ಟಿನಲ್ಲಿ ಕೇಳುವುದೇ ಅದನ್ನು. ನಿಮ್ಮ ಖಾತೆಯಲ್ಲಿ 8 ಲಕ್ಷ ಇದೆ ಅಂದುಕೊಳ್ಳಿ. ಅದರಲ್ಲಿ 5 ಲಕ್ಷ ಶಾಲೆಯ ಶೌಚಾಲಯಕ್ಕೆಂದು ಕಂಪನಿಯೊಂದು ಸಿಎಸ್‌ಆರ್‌ನಲ್ಲಿ, ಅಂದರೆ ತನ್ನ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಕೊಟ್ಟದ್ದು. 2 ಲಕ್ಷ ಕಾರ್ಪಸ್‌ಗೆಂದು, ಅಂದರೆ ಖರ್ಚು ಮಾಡದೆ ಉಳಿಸಬೇಕಾದ ಮೂಲನಿಧಿಗೆಂದು ದಾನಿಯೊಬ್ಬರು ಬರೆದುಕೊಟ್ಟದ್ದು (ಅದನ್ನು ಬೇರೆಯಾಗಿ ಠೇವಣಿ ಇಡದೆ ಇಲ್ಲೇ ಬಿಟ್ಟಿರುವುದು ಇನ್ನೊಂದು ತಲೆನೋವು). ಸಂಬಳಕ್ಕೆ ಮುಟ್ಟಬಹುದಾದದ್ದು ಒಂದೇ ಲಕ್ಷ. ಪಾಸ್‌ಬುಕ್ ಇದನ್ನು ಹೇಳುವುದಿಲ್ಲ, ನಿಮ್ಮ ಲೆಕ್ಕದ ಪುಸ್ತಕ ಹೇಳಬೇಕು. ಹಾಗಾಗಿ ಪ್ರತಿ ವೋಚರ್ ಮೇಲೂ ಎರಡು ವಿಷಯ ಇರಲೇಬೇಕು: ಯಾವುದಕ್ಕೆ ಖರ್ಚಾಯಿತು, ಯಾರ ದುಡ್ಡಿನಿಂದ ಖರ್ಚಾಯಿತು. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯದನ್ನು ಮಾರ್ಚ್ ಕೊನೆಯ ವಾರ ಕೂತು ನೆನಪಿಸಿಕೊಳ್ಳುತ್ತಾರೆ.

ಒಂದು ಸಂಸ್ಥೆಯಲ್ಲಿ ಜೀಪಿನ ಡೀಸೆಲ್ ಬಿಲ್ಲೊಂದು ಮೂರು ಫೈಲಿನಲ್ಲಿ ಸಿಕ್ಕಿತು. ಮೂವರು ದಾನಿಗಳಿಗೂ ಪೂರ್ತಿ ಮೊತ್ತದ ಲೆಕ್ಕ ಹೋಗಿತ್ತು. ಹುಡುಗ ಕಳ್ಳನಲ್ಲ, ಒಂದು ರೂಪಾಯಿ ಮುಟ್ಟಿದವನಲ್ಲ. “ಮೂರು ಊರಿಗೂ ಅದೇ ಜೀಪ್ ಹೋಗಿತ್ತಲ್ಲ ಸಾರ್, ಮೂರು ಫೈಲಿಗೂ ಜೆರಾಕ್ಸ್ ಹಾಕಿದೆ” ಅಂದ. ಅವನ ಮೇಲೆ ಸಿಟ್ಟೂ ಬರಲಿಲ್ಲ, ಹೇಳಿಕೊಟ್ಟವರೇ ಇರಲಿಲ್ಲ. ಈಗ ಅಲ್ಲಿ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ದಾರೆ: ಯೋಜನೆ, ದಾನಿ, ಪಾಲು. ಅಸಲು ಬಿಲ್ಲಿನ ಮೇಲೆ ಅದನ್ನು ಒತ್ತಿ ತುಂಬಿಸಿದ ಮೇಲೆಯೇ ಜೆರಾಕ್ಸ್. ಟ್ಯಾಲಿಯಲ್ಲಿ ಖರ್ಚನ್ನು ಯೋಜನೆವಾರು ವಿಂಗಡಿಸುವ ಕಾಸ್ಟ್ ಸೆಂಟರ್ ಅನ್ನುವುದು ಇರುವುದೂ ಇದಕ್ಕೇ, ಆದರೆ ಅದನ್ನು ತೆರೆದೇ ನೋಡದ ಸಂಸ್ಥೆಗಳು ಬೇಕಾದಷ್ಟಿವೆ.

ವಿದೇಶಿ ದೇಣಿಗೆ ಇದ್ದರಂತೂ ಇದು ಶಿಸ್ತಿನ ಮಾತಲ್ಲ, ಕಾನೂನು. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಊರಿನ ದೇಣಿಗೆಯ ಜೊತೆ ಬೆರೆಸುವಂತಿಲ್ಲ. ಆಡಳಿತ ವೆಚ್ಚ ವರ್ಷದಲ್ಲಿ ಬಂದ ಆ ದುಡ್ಡಿನ ಶೇ. 20 ಮೀರುವಂತಿಲ್ಲ, ಲೆಕ್ಕ ಇಡುವ ಖರ್ಚೂ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ. ನಿಮ್ಮ ಸಂಸ್ಥೆಗೆ ಏನು ಅನ್ವಯ ಅನ್ನುವುದನ್ನು ನಿಮ್ಮ ನೋಂದಣಿ, ಟ್ರಸ್ಟ್ ಡೀಡ್ ನೋಡಿಯೇ ಹೇಳಬೇಕು. ಈ ಅಂಕಣ ತೋರಿಸಿ ಯಾರ ಜೊತೆಗೂ ವಾದಕ್ಕೆ ನಿಲ್ಲಬೇಡಿ.

ಹಾಗಾದರೆ ಆರಿಸುವುದು ಹೇಗೆ? ಸಂದರ್ಶನಕ್ಕೆ ಬಂದವರ ಮುಂದೆ ಹಳೆಯ ಬಿಲ್ಲುಗಳ ಒಂದು ಕಟ್ಟು, ಎರಡು ಅನುದಾನ ಪತ್ರ ಇಟ್ಟು ಅರ್ಧ ಗಂಟೆ ಬಿಡಿ. ಒಮ್ಮೆ ಹೀಗೆ ಮಾಡಿದಾಗ ಎಂ.ಕಾಂ. ಓದಿದವರು ಎಲ್ಲವನ್ನೂ ಚಕಚಕನೆ ಎಂಟ್ರಿ ಮಾಡಿ ಮುಗಿಸಿದರು. ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದ ಹೆಣ್ಣುಮಗಳೊಬ್ಬರು ಮೂರನೇ ಬಿಲ್ಲಿಗೇ ನಿಂತು, “ಸಾರ್, ಇದು ಯಾವ ದುಡ್ಡಲ್ಲಿ ತಗೊಂಡಿದ್ದು? ಪತ್ರದಲ್ಲಿ ಪ್ರಿಂಟರ್ ಅಂತ ಇಲ್ವಲ್ಲ” ಅಂದರು. ಕೆಲಸ ಸಿಕ್ಕಿದ್ದು ಯಾರಿಗೆಂದು ಹೇಳಬೇಕಿಲ್ಲ. ಟಿಡಿಎಸ್ (ಹಣ ಕೊಡುವಾಗಲೇ ತೆರಿಗೆ ಹಿಡಿದು ಕಟ್ಟುವುದು) ಕಲಿಯಲು ಅವರಿಗೆ ಒಂದಷ್ಟು ತಿಂಗಳು ಹಿಡಿಯಿತು, ನಮ್ಮ ಆಫೀಸಿಗೆ ಅವರಿಂದ ಬಂದ ಫೋನುಗಳಿಗೆ ಲೆಕ್ಕವಿಲ್ಲ.

ಸಂಬಳದ ವಿಷಯದಲ್ಲಿ ಜಿಪುಣತನ ಬೇಡ. ಹೊಸ ಅನುದಾನಕ್ಕೆ ಅರ್ಜಿ ಹಾಕುವಾಗಲೇ ಲೆಕ್ಕ ಬರೆಯುವವರ ಸಂಬಳದ ಒಂದು ಪಾಲನ್ನು ಬಜೆಟ್ಟಿನಲ್ಲಿ ಕೇಳಿ. ಕೇಳಿದರೆ ಕೊಡುವ ದಾನಿಗಳೂ ಇದ್ದಾರೆ. ಹಳಬರು ಬಿಟ್ಟು ಹೋಗುವ ಮುಂಚೆ ಟ್ಯಾಲಿ ಬ್ಯಾಕಪ್ ತೆಗೆಸಿಕೊಳ್ಳಿ, ಆದಾಯ ತೆರಿಗೆ ಪೋರ್ಟಲ್‌ನ ಪಾಸ್‌ವರ್ಡ್ ಬದಲಾಯಿಸಿ. ಓಟಿಪಿ ಇನ್ನೂ ಅವರ ಮೊಬೈಲಿಗೇ ಹೋಗುತ್ತಿದ್ದರೆ ಅದನ್ನು ಇವತ್ತೇ ಸರಿಮಾಡಿಸಿ.