ಬೆಳಿಗ್ಗೆ ಕ್ರಿಕೆಟ್, ಸಂಜೆ ಫುಟ್‌ಬಾಲ್: ಒಂದೇ ದಿನ ಎರಡು ಆಟ ಆಡಬಹುದಾ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಭಾನುವಾರ ಬೆಳಿಗ್ಗೆ ಕ್ಲಬ್ ಕ್ರಿಕೆಟ್, ಸಂಜೆ ನಮ್ಮ ಸಂಘದ ಫುಟ್‌ಬಾಲ್. ಎರಡರಲ್ಲಿ ಒಂದನ್ನು ಬಿಡು ಅಂದರೆ ಕೇಳುವುದಿಲ್ಲ. ಒಂದೇ ದಿನ ಎರಡು ಆಟ ಆಡುವುದು ಸರಿಯಾ? ದೊಡ್ಡ ಆಟಗಾರರು ಯಾರಾದರೂ ಹೀಗೆ ಆಡಿದ್ದಾರಾ?
ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಆಡಬಹುದು. ಆಡಿ ಗೆದ್ದವರೂ ಇದ್ದಾರೆ. ಮೈ ತಡೆಯುತ್ತದಾ ಎಂದು ಮನೆಯವರು ಚಿಂತೆ ಮಾಡುತ್ತಾರೆ. ಆದರೆ ಹಿಂದೆ ಹೀಗೆ ಆಡಿದವರ ಕಥೆ ನೋಡಿದರೆ, ಅಡ್ಡ ಬಂದದ್ದು ಬಹಳ ಸಲ ಮೈಯಲ್ಲ. ಒಂದು, ಗಡಿಯಾರ. ಇನ್ನೊಂದು, 'ಇವನು ಯಾರ ಆಟಗಾರ?' ಎಂದು ಕೇಳುವ ಎರಡು ತಂಡಗಳು.

ನಿಮ್ಮ ಮಗನಿಗೆ ವಾದಕ್ಕೆ ಒಂದು ಹೆಸರು ಬೇಕಿದ್ದರೆ ಇಟ್ಟುಕೊಳ್ಳಲಿ: ಕ್ರಿಸ್ ಬಾಲ್ಡರ್‌ಸ್ಟೋನ್. 1975ರ ಸೆಪ್ಟೆಂಬರ್ 15. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ ಲೆಸ್ಟರ್‌ಶೈರ್ ತಂಡ ಚೆಸ್ಟರ್‌ಫೀಲ್ಡ್ ಊರಿನಲ್ಲಿ ಡರ್ಬಿಶೈರ್ ವಿರುದ್ಧ ಆಡುತ್ತಿತ್ತು. ಅದುವರೆಗೆ ಒಮ್ಮೆಯೂ ಚಾಂಪಿಯನ್ ಆಗದ ತಂಡಕ್ಕೆ ಆ ವರ್ಷ ಪಟ್ಟ ಕೈಗೆಟಕುವಷ್ಟು ಹತ್ತಿರವಿತ್ತು. ಆ ದಿನದ ಆಟ ಮುಗಿದಾಗ ಬಾಲ್ಡರ್‌ಸ್ಟೋನ್ 51 ರನ್ ಮಾಡಿ ಔಟಾಗದೆ ಉಳಿದಿದ್ದರು. ಬೇರೆಯವರು ಸ್ನಾನ ಮಾಡಿ ಊಟಕ್ಕೆ ಹೊರಡುವ ಹೊತ್ತು. ಈ ಮನುಷ್ಯ ಕಾರು ಹತ್ತಿ ಸುಮಾರು 50 ಕಿಲೋಮೀಟರ್ ದೂರದ ಡಾಂಕಾಸ್ಟರ್‌ಗೆ ಹೋದರು. ಅಲ್ಲಿ ರಾತ್ರಿ ಏಳೂವರೆಗೆ ಡಾಂಕಾಸ್ಟರ್ ರೋವರ್ಸ್ ಪರ ಬ್ರೆಂಟ್‌ಫರ್ಡ್ ವಿರುದ್ಧ ಲೀಗ್ ಫುಟ್‌ಬಾಲ್ ಪಂದ್ಯ. ಆಡಿದರು, 1-1 ಡ್ರಾ ಆಯಿತು. ಮರುದಿನ ಬೆಳಿಗ್ಗೆ ಮತ್ತೆ ಚೆಸ್ಟರ್‌ಫೀಲ್ಡ್‌ಗೆ ಬಂದು 116ಕ್ಕೆ ಮುಟ್ಟಿಸಿದರು. ಸಾಲದು ಎಂಬಂತೆ ಬೌಲಿಂಗ್‌ನಲ್ಲಿ ಮೂರು ವಿಕೆಟ್ ತೆಗೆದರು. ಲೆಸ್ಟರ್‌ಶೈರ್ ಮೊದಲ ಬಾರಿಗೆ ಕೌಂಟಿ ಚಾಂಪಿಯನ್ ಆಯಿತು. ಮುಂದಿನ ವರ್ಷ ಅವರು ಇಂಗ್ಲೆಂಡ್ ಪರ ಎರಡು ಟೆಸ್ಟ್‌ಗಳನ್ನೂ ಆಡಿದರು.

ಇದನ್ನು ಓದಿ ಎಂಥ ಉಕ್ಕಿನ ದೇಹ ಎನ್ನುವವರು ಜಾಸ್ತಿ. ನನಗೆ ಬೇರೆ ವಿಷಯ ಮುಖ್ಯ ಅನಿಸುತ್ತದೆ. ಕ್ರಿಕೆಟ್ ಸಂಜೆಗೆ ಮುಗಿಯಿತು. ಫುಟ್‌ಬಾಲ್ ರಾತ್ರಿಗೆ ಶುರುವಾಯಿತು. ಎರಡು ಊರು ಕಾರಿನಲ್ಲಿ ಮುಟ್ಟುವಷ್ಟು ಹತ್ತಿರವಿದ್ದವು. ಮಧ್ಯದಲ್ಲಿ ಒಂದು ಟೈರ್ ಪಂಕ್ಚರ್ ಆಗಿದ್ದರೂ ಸಾಕಿತ್ತು, ಈ ಕಥೆಯೇ ಇರುತ್ತಿರಲಿಲ್ಲ. ಇನ್ನೊಂದು, ಎರಡೂ ತಂಡಗಳಿಗೆ ಅವರು ಎಲ್ಲಿಂದ ಬರುತ್ತಿದ್ದಾರೆ, ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಗೊತ್ತಿತ್ತು. ಕದ್ದುಮುಚ್ಚಿ ಮಾಡಿದ್ದಲ್ಲ.

ಗಡಿಯಾರ ಗೆದ್ದರೂ ತಂಡ ಸೋಲಿಸಬಹುದು ಎಂಬುದಕ್ಕೆ ಅಮೆರಿಕದ ಡಿಯಾನ್ ಸ್ಯಾಂಡರ್ಸ್ ಇದ್ದಾರೆ. ಅವರು ಅಮೆರಿಕನ್ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡರಲ್ಲೂ ವೃತ್ತಿಪರ ಆಟಗಾರ. 1992ರ ಅಕ್ಟೋಬರ್ 11ರಂದು ಮಧ್ಯಾಹ್ನ ಮಯಾಮಿಯಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಪರ ಫುಟ್‌ಬಾಲ್ ಆಡಿದರು. ಮುಗಿದ ಕೂಡಲೇ ವಿಮಾನ ಹತ್ತಿ ಪಿಟ್ಸ್‌ಬರ್ಗ್‌ಗೆ ಹಾರಿದರು. ರಾತ್ರಿ ಅಟ್ಲಾಂಟಾ ಬ್ರೇವ್ಸ್ ತಂಡದ ಪ್ಲೇಆಫ್ ಬೇಸ್‌ಬಾಲ್ ಪಂದ್ಯ ಇತ್ತು. ಸಮಯಕ್ಕೆ ಸರಿಯಾಗಿ ತಲುಪಿದರು, ಜರ್ಸಿ ತೊಟ್ಟು ಬೆಂಚಿನ ಮೇಲೆ ಕೂತರು. ಕೋಚ್ ಅವರನ್ನು ಮೈದಾನಕ್ಕೆ ಇಳಿಸಲೇ ಇಲ್ಲ! ಒಂದೇ ದಿನ ಎರಡು ಆಟ ಆಡಿದ ದಾಖಲೆ ಕೈ ತಪ್ಪಿತು. ಮೈ ಕೈಕೊಟ್ಟದ್ದಲ್ಲ, ವಿಮಾನ ತಡವಾದದ್ದೂ ಅಲ್ಲ.

ಒಂದೇ ಆಟದ ಎರಡು ಪಂದ್ಯ ಒಂದೇ ದಿನ ಆಡಿದವರೂ ಇದ್ದಾರೆ. ನನಗೆ ಗೊತ್ತಿರುವ ಎರಡು ದೊಡ್ಡ ಉದಾಹರಣೆಗಳ ಹಿಂದೆಯೂ ಬಾಯರ್ನ್ ಮ್ಯೂನಿಕ್ ಕ್ಲಬ್ಬೇ ಇದೆ. 1985ರಲ್ಲಿ ಸೋರೆನ್ ಲೆರ್ಬಿ ಡಬ್ಲಿನ್‌ನಲ್ಲಿ ಡೆನ್ಮಾರ್ಕ್ ಪರ ಆಡಿ, ಸಂಜೆ ಜರ್ಮನಿಯ ಬೋಹುಮ್‌ನಲ್ಲಿ ಬಾಯರ್ನ್ ಪರ ಕಪ್ ಪಂದ್ಯಕ್ಕೆ ಇಳಿದರು. ಎರಡು ವರ್ಷದ ನಂತರ ಮಾರ್ಕ್ ಹ್ಯೂಸ್ ಪ್ರಾಗ್‌ನಲ್ಲಿ ವೇಲ್ಸ್ ಪರ ಆಡಿ, ಅದೇ ರಾತ್ರಿ ಮ್ಯೂನಿಕ್‌ನಲ್ಲಿ ಬಾಯರ್ನ್‌ನ ಬದಲಿ ಆಟಗಾರನಾಗಿ ಬಂದರು. ದೇಶ ಮತ್ತು ಕ್ಲಬ್, ಇಬ್ಬರಿಗೂ ಬೇಕಾದ ಆಟಗಾರ ಎಂದರೆ ಹೀಗೆ. ಈಗ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬೇರೆಯೇ ದಿನಗಳನ್ನು ಮೀಸಲಿಟ್ಟಿರುವುದರಿಂದ ಇಂಥ ಓಡಾಟ ಹೆಚ್ಚುಕಡಿಮೆ ನಿಂತೇ ಹೋಗಿದೆ.

ನಮ್ಮ ಮುಂಬೈಗೆ ಬರೋಣ. ಒಂದು ದಿನ, ಎರಡು ಪಂದ್ಯ ಎಂಬುದು ಈ ಊರಿನ ಮೈದಾನಗಳಿಗೆ ಹೊಸದೇನಲ್ಲ. 2013ರ ನವೆಂಬರ್ 16ರಂದು ವಾಂಖೆಡೆಯಲ್ಲಿ ಸಚಿನ್ ತೆಂಡೂಲ್ಕರ್ ವಿದಾಯದ ಮಾತು ಆಡಿದರಲ್ಲ, ಅದರಲ್ಲಿ ಗುರು ರಮಾಕಾಂತ್ ಅಚ್ರೇಕರ್ ಅವರ ಸ್ಕೂಟರ್ ನೆನಪಿಸಿಕೊಂಡರು. ಬೆಳಿಗ್ಗೆ ಶಿವಾಜಿ ಪಾರ್ಕ್‌ನಲ್ಲಿ ಬ್ಯಾಟಿಂಗ್, ಮಧ್ಯಾಹ್ನ ಆಜಾದ್ ಮೈದಾನದಲ್ಲಿ ಇನ್ನೊಂದು ಪಂದ್ಯ. ಹುಡುಗನನ್ನು ಹಿಂದೆ ಕೂರಿಸಿಕೊಂಡು ಗುರುಗಳು ಊರೆಲ್ಲ ಸುತ್ತುತ್ತಿದ್ದರು. ಇಲ್ಲಿ ಒಂದು ಸಂಗತಿ ಗಮನಿಸಿ. ಎರಡೂ ಕಡೆ ಆಡಿಸುತ್ತಿದ್ದವರು ಒಬ್ಬರೇ. ಹುಡುಗ ಎಷ್ಟು ಆಡಿದ, ಎಷ್ಟು ದಣಿದ ಎಂಬ ಲೆಕ್ಕ ಒಂದೇ ತಲೆಯಲ್ಲಿತ್ತು. ನಿಮ್ಮ ಮಗನಿಗೆ ಕ್ರಿಕೆಟ್ ಕೋಚ್ ಬೇರೆ, ಫುಟ್‌ಬಾಲ್ ತಂಡದ ಅಣ್ಣಂದಿರು ಬೇರೆ. ಆ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ನೀವೇ ಇಟ್ಟುಕೊಳ್ಳಬೇಕು.

ಹಿಂದೆ ಭಾರತದಲ್ಲಿ ಎರಡು ಆಟ ಆಡುವವರಿಗೆ ಋತುಗಳೇ ದಾರಿ ಮಾಡಿಕೊಡುತ್ತಿದ್ದವು. ಚುನಿ ಗೋಸ್ವಾಮಿ ಅವರನ್ನೇ ನೋಡಿ. 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಫುಟ್‌ಬಾಲ್ ತಂಡದ ನಾಯಕ. ಅವರೇ 1971-72ರ ರಣಜಿ ಫೈನಲ್‌ನಲ್ಲಿ ಬಂಗಾಳದ ಕ್ರಿಕೆಟ್ ನಾಯಕರಾಗಿ ಇದೇ ಮುಂಬೈನ ಬ್ರೆಬೋರ್ನ್ ಸ್ಟೇಡಿಯಂಗೆ ಬಂದಿದ್ದರು. ಆ ಪಂದ್ಯ ಬಾಂಬೆ ಗೆದ್ದಿತು, ಬಿಡಿ. ಕಲ್ಕತ್ತಾದಲ್ಲಿ ಮಳೆಗಾಲಕ್ಕೆ ಫುಟ್‌ಬಾಲ್, ಚಳಿಗಾಲಕ್ಕೆ ಕ್ರಿಕೆಟ್. ಎರಡೂ ಎದುರುಬದುರಾಗುವುದು ಕಡಿಮೆ. ಆದರೆ ಮುಂಬೈ ವಿಚಿತ್ರ ಊರು. 1948ರಿಂದ ಇಲ್ಲಿ ಕಾಂಗಾ ಲೀಗ್ ಎಂಬ ಕ್ರಿಕೆಟ್ ಟೂರ್ನಿ ನಡೆಯುತ್ತಿದೆ, ಅದೂ ಸುರಿಯುವ ಮಳೆಯಲ್ಲಿ, ಒದ್ದೆ ಪಿಚ್‌ನ ಮೇಲೆ. ಅಂದರೆ ಫುಟ್‌ಬಾಲ್‌ಗೆ ಬಿಟ್ಟುಕೊಡಬೇಕಾದ ತಿಂಗಳುಗಳಲ್ಲೂ ಕ್ರಿಕೆಟ್ ಬಿಡುವುದಿಲ್ಲ. ನಿಮ್ಮ ಮನೆಯ ಜಗಳಕ್ಕೆ ಒಂದು ಕಾರಣ ಇದೇ, ಅಲ್ವಾ?

ಜಾಗದ ವಿಷಯದಲ್ಲಿ ದಕ್ಷಿಣ ಮುಂಬೈ ಉದಾರಿ. ಆಜಾದ್ ಮೈದಾನ ಒಂದರಲ್ಲೇ 22 ಪಿಚ್‌ಗಳಿವೆ. ಒಂದು ಪಂದ್ಯದ ಕವರ್ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರ್ ಪಕ್ಕದಲ್ಲಿ ನಿಂತಿರುತ್ತಾನೆ. ಕ್ರಾಸ್ ಮೈದಾನದಿಂದ ಕೂಪರೇಜ್ ಫುಟ್‌ಬಾಲ್ ಮೈದಾನಕ್ಕೆ ನಡೆದೇ ಹೋಗಬಹುದು. ನಮ್ಮವರದೇ ಹೆಸರು ಹೊತ್ತ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಕ್ರಿಕೆಟ್ ಮತ್ತು ಫುಟ್‌ಬಾಲ್ ಎರಡರಲ್ಲೂ ತಂಡ ಇಳಿಸುವ ಕ್ಲಬ್. ತೊಂದರೆ ಇರುವುದು ಒಂದು ಪಂದ್ಯ ಫೋರ್ಟ್ ಕಡೆ, ಇನ್ನೊಂದು ಡೊಂಬಿವಲಿ ಕಡೆ ಇದ್ದಾಗ. ಭಾನುವಾರ ಮಾಟುಂಗಾ–ಮುಲುಂಡ್ ನಡುವೆ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವುದು, ತಿರುಗಿಸುವುದು) ಹಾಕಿದರೆ ಸ್ಯಾಂಡರ್ಸ್ ಅವರ ವಿಮಾನ ಇದ್ದರೂ ಪ್ರಯೋಜನವಿಲ್ಲ. ಶನಿವಾರ ರಾತ್ರಿಯೇ ರೈಲ್ವೆ ಪ್ರಕಟಣೆ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಓಡಿಬಂದು ವಾರ್ಮ್ ಅಪ್ ಇಲ್ಲದೆ ಮೈದಾನಕ್ಕೆ ಇಳಿಯುವವನಿಗೇ ಸ್ನಾಯು ಹಿಡಿದುಕೊಳ್ಳುವುದು.

ಈಗ ಮೈಯ ವಿಷಯ. ಒಂದೇ ಕೂಟದಲ್ಲಿ ಒಂದೇ ದಿನ ಎರಡು ಸ್ಪರ್ಧೆ ಗೆಲ್ಲುವುದನ್ನು ಅಥ್ಲೀಟ್‌ಗಳು, ಈಜುಗಾರರು ಎಷ್ಟೋ ಸಲ ಮಾಡಿ ತೋರಿಸಿದ್ದಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡ್‌ನ ಪಾವೊ ನುರ್ಮಿ 1500 ಮೀಟರ್ ಗೆದ್ದರು. ಒಂದು ಗಂಟೆಯೂ ಕಳೆಯುವ ಮುನ್ನ 5000 ಮೀಟರ್ ಓಡಿ ಅದನ್ನೂ ಗೆದ್ದರು. ಸುಮ್ನೆ ಧೈರ್ಯ ಮಾಡಿದ್ದಲ್ಲ. ಮೂರು ವಾರ ಮೊದಲೇ ಹೆಲ್ಸಿಂಕಿಯಲ್ಲಿ ಅವೆರಡೂ ಓಟಗಳನ್ನು ಅಷ್ಟೇ ಅಂತರದಲ್ಲಿ ಓಡಿ, ಎರಡರಲ್ಲೂ ವಿಶ್ವದಾಖಲೆ ಮಾಡಿ ನೋಡಿಕೊಂಡಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಿಫಾನ್ ಹಸನ್ ಬೆಳಿಗ್ಗೆ 1500 ಮೀಟರ್ ಹೀಟ್ಸ್‌ನ, ಅಂದರೆ ಅರ್ಹತಾ ಓಟದ, ಕೊನೆಯ ಸುತ್ತಿನಲ್ಲಿ ಬಿದ್ದರು, ಎದ್ದು ಓಡಿ ಆ ಹೀಟ್ ಗೆದ್ದರು. ರಾತ್ರಿ 5000 ಮೀಟರ್ ಚಿನ್ನ. 2024ರಲ್ಲಿ ಫ್ರಾನ್ಸ್‌ನ ಲಿಯಾನ್ ಮಾರ್ಷಾನ್ ಒಂದೇ ಸಂಜೆ 200 ಮೀಟರ್ ಬಟರ್‌ಫ್ಲೈ ಮತ್ತು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಎರಡನ್ನೂ ಗೆದ್ದರು.

ಇವರೆಲ್ಲ ಅದಕ್ಕೆಂದೇ ತರಬೇತಿ ಮಾಡಿದವರು, ಆಡುವುದೂ ಒಂದೇ ಆಟದೊಳಗೆ. 16ರ ಹುಡುಗನಿಗೆ ಲೆಕ್ಕ ಬೇರೆ. ಮಗ ವೇಗದ ಬೌಲರ್ ಆಗಿದ್ದರೆ ನಾನು ಎಚ್ಚರ ಹೇಳುತ್ತೇನೆ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಿಗೆ ಸೊಂಟದ ಬಳಿ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬರುವುದು ಎಲ್ಲ ದೇಶಗಳಲ್ಲೂ ಗೊತ್ತಿರುವ ತೊಂದರೆ. ಕಾರಣ, ಬಿಡುವಿಲ್ಲದ ಹೊರೆ. ತಂಡ ಎರಡಿರಬಹುದು, ಬೆನ್ನು ಒಂದೇ. ಬೌಲಿಂಗ್ ಮಾಡಿದ ದಿನ ಸಂಜೆ ತೊಂಬತ್ತು ನಿಮಿಷದ ಫುಟ್‌ಬಾಲ್ ಬೇಡ. ಬ್ಯಾಟ್ಸ್‌ಮನ್ ಆಗಿದ್ದು ಬೆಳಿಗ್ಗೆ ಬೇಗ ಔಟಾಗಿದ್ದರೆ, ಅರ್ಧ ಪಂದ್ಯ ಆಡಲಿ, ಅಡ್ಡಿಯಿಲ್ಲ. ಬದಲಿ ಆಟಗಾರನಾಗಿ ಇಳಿಯುವುದು ಅವಮಾನವೇನಲ್ಲ, ಮಾರ್ಕ್ ಹ್ಯೂಸ್ ಮಾಡಿದ್ದೂ ಅದನ್ನೇ.

'ಮೈ ನೋವೇ ಇಲ್ಲ ಅಪ್ಪಾ' ಎಂಬ ಮಾತನ್ನು ನಂಬಬೇಡಿ. ಜೋರಾಗಿ ಆಡಿದ ಸ್ನಾಯು ನೋವು ಅದೇ ದಿನ ಪೂರ್ತಿ ಕಾಣುವುದಿಲ್ಲ. ಒಂದರಿಂದ ಮೂರು ದಿನದೊಳಗೆ ಅದು ಏರುತ್ತದೆ. ಸಂಜೆ ನೋವಿಲ್ಲ ಅಂದರೆ ದಣಿವಿಲ್ಲ ಎಂದರ್ಥವಲ್ಲ. ದಣಿದ ಕಾಲು ನಿಧಾನವಾಗುತ್ತದೆ, ಟ್ಯಾಕಲ್ ಒಂದು ಕ್ಷಣ ತಡವಾಗುತ್ತದೆ, ಪೆಟ್ಟು ಬೀಳುವುದು ಆಗ.

ನಡುವಿನ ಊಟ ದೊಡ್ಡ ವಿಷಯ. ಮೊದಲ ಆಟ ಮುಗಿದ ಕೂಡಲೇ, ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ ಸುಮಾರು ಒಂದು ಗ್ರಾಂ ಕಾರ್ಬೋಹೈಡ್ರೇಟ್ ಸಿಕ್ಕರೆ ಸ್ನಾಯು ಬೇಗ ತುಂಬಿಕೊಳ್ಳುತ್ತದೆ. 60 ಕಿಲೋ ಹುಡುಗನಿಗೆ ಎರಡು ಬಾಳೆಹಣ್ಣು, ಒಂದೆರಡು ಇಡ್ಲಿ ಎಂದುಕೊಳ್ಳಿ. ಮೈದಾನದ ಹೊರಗಿನ ವಡಾಪಾವ್ ರುಚಿಯೇನೋ ಸರಿ, ಆದರೆ ಎಣ್ಣೆ ಜೀರ್ಣವಾಗುವ ಹೊತ್ತಿಗೆ ಸಂಜೆಯ ಪಂದ್ಯದ ಹಾಫ್ ಟೈಮ್ ಆಗಿರುತ್ತದೆ. ನೀರಿನ ಲೆಕ್ಕ ಇನ್ನೂ ಸುಲಭ. ಆಟಕ್ಕೆ ಮುಂಚೆ, ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದೂವರೆ ಲೀಟರ್ ನೀರು, ಸ್ವಲ್ಪ ಉಪ್ಪಿನ ಜೊತೆ, ನಿಧಾನವಾಗಿ ಕುಡಿಯಬೇಕು. ಮುಂಬೈ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಪುಣೆಯ ಹುಡುಗನಿಗೆ ಇದರಲ್ಲಿ ಸ್ವಲ್ಪ ಅನುಕೂಲ.

ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟದ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ಒಬ್ಬನೇ ನೂರು ಮೀಟರ್ ಓಟ, ಉದ್ದ ಜಿಗಿತ, ಹಗ್ಗಜಗ್ಗಾಟ ಎಲ್ಲದಕ್ಕೂ ಹೆಸರು ಕೊಟ್ಟಿರುತ್ತಾನೆ. ಓಟ, ಜಿಗಿತ ಮೊದಲು, ಹಗ್ಗ ಕೊನೆಗೆ ಇಡಿ ಎಂದು ಸಂಘಟಕರಿಗೆ ಹೇಳಿ. ಬಿರುಸಿನ ಓಟಕ್ಕೆ ತಾಜಾ ಕಾಲು ಬೇಕು. ಓಟ ಮತ್ತು ಜಿಗಿತ ಒಂದೇ ಹೊತ್ತಿಗೆ ಬಂದರೆ? ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮದಲ್ಲೇ ಪರಿಹಾರ ಇದೆ. ರೆಫರಿ ಒಪ್ಪಿದರೆ ಜಿಗಿತದ ಸರದಿಯನ್ನು ಹಿಂದೆಮುಂದೆ ಮಾಡಿಕೊಳ್ಳಬಹುದು. ಹೇಳದೆ ಹೋಗಿ ಸರದಿಗೆ ಸಿಗದಿದ್ದರೆ ಆ ಯತ್ನ ಬಿಟ್ಟುಕೊಟ್ಟಂತೆ.

ಇನ್ನು ಎರಡೂ ಆಟದ ಆಯ್ಕೆ ಟ್ರಯಲ್ಸ್ ಒಂದೇ ದಿನ ಬಿದ್ದರೆ ಏನು ಮಾಡುವುದು? ವೇಳಾಪಟ್ಟಿ ಕಲ್ಲಿನ ಮೇಲೆ ಕೊರೆದದ್ದು ಎಂದುಕೊಳ್ಳಬೇಡಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೈಕಲ್ ಜಾನ್ಸನ್ 200 ಮತ್ತು 400 ಮೀಟರ್ ಎರಡನ್ನೂ ಓಡಲು ಆಗುವಂತೆ ವೇಳಾಪಟ್ಟಿಯನ್ನೇ ಬದಲಿಸಿದ್ದರು. ಅವರು ಎರಡನ್ನೂ ಗೆದ್ದರು. ಎಲ್ಲರಿಗೂ ಹಾಗೆ ಸಿಗುವುದಿಲ್ಲ ಎಂಬುದೂ ನಿಜ. ಜೆಕ್ ದೇಶದ ಎಸ್ತೆರ್ ಲೆಡೆಸ್ಕಾ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್, ಸ್ನೋಬೋರ್ಡಿಂಗ್ ಎರಡರಲ್ಲೂ ಚಿನ್ನ ಗೆದ್ದವರು. 2026ರ ಇಟಲಿಯ ಕೂಟದಲ್ಲಿ ಅವರ ಡೌನ್‌ಹಿಲ್ ಸ್ಕೀಯಿಂಗ್ ಮತ್ತು ಸ್ನೋಬೋರ್ಡ್ ಸ್ಪರ್ಧೆ ಫೆಬ್ರವರಿ 8ರಂದೇ ಬಿದ್ದವು, ಅದೂ ಬೇರೆ ಬೇರೆ ಊರಲ್ಲಿ. ಅವರು ಸ್ನೋಬೋರ್ಡ್ ಆರಿಸಿಕೊಂಡರು.

ಶಾಲೆ, ಕ್ಲಬ್ ಮಟ್ಟದಲ್ಲಿ ದಿನ ಬದಲಾಗದಿದ್ದರೂ ಹೊತ್ತು ಬದಲಾಗಬಹುದು. ಬೆಳಗಿನ ಗುಂಪಿನಲ್ಲಿ ಹಾಕಿ ಎಂದು ಕೇಳಿದರೆ ಒಪ್ಪುವ ಆಯ್ಕೆದಾರರು ಇದ್ದಾರೆ. ಪಟ್ಟಿ ಬಂದ ದಿನವೇ ಎರಡೂ ಕಡೆ ಕೇಳಿ, ಫೋನಿನಲ್ಲಲ್ಲ, ಬರೆದು ಕೊಡಿ. ಆ ಕಾಗದದಲ್ಲಿ ಇನ್ನೊಂದು ಆಟದ ಹೆಸರನ್ನು ಮುಚ್ಚಿಡಬೇಡಿ. ಒಪ್ಪಿಗೆ ಸಿಗದಿದ್ದರೆ ಯಾವುದಕ್ಕೆ ಹೋಗುವುದು ಎಂಬುದನ್ನು ಮಗನೇ ಹೇಳಲಿ.