ಟೂ ವೀಲ್ ಡ್ರೈವ್ ಎಸ್‌ಯುವಿಗೆ ಎಷ್ಟು ಲಿಫ್ಟ್ ಸಾಕು?

ಪ್ರಶ್ನೆ: ಅಣ್ಣ, ನಮ್ಮೂರು ಪಾಂಡವಪುರದ ಹತ್ರ. ಮನೇಲಿ ಐದು ವರ್ಷ ಹಳೇ ಫ್ರಂಟ್ ವೀಲ್ ಡ್ರೈವ್ ಎಸ್‌ಯುವಿ ಇದೆ. ತೋಟಕ್ಕೆ ಹೋಗೋ ಬಂಡಿದಾರೀಲಿ ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಆಳವಾಗಿ ಜಾಡು ಬಿದ್ದಿದೆ. ಗಾಡಿ ಹೊಟ್ಟೆ ಉಜ್ಜುತ್ತೆ. ಮೈಸೂರಲ್ಲಿ ಒಬ್ರು ಎರಡು ಇಂಚು ಲಿಫ್ಟ್ ಮಾಡ್ಕೊಡ್ತೀನಿ, ಅಂದ್ರೆ ಗಾಡಿ ಅಷ್ಟು ಎತ್ತರ ಮಾಡ್ಕೊಡ್ತೀನಿ ಅಂತಿದಾರೆ. ಮಾಡಿಸ್ಲಾ?

ಉತ್ತರ: ಎರಡು ಇಂಚು ಬೇಡ. ನಿಮ್ಮದು ಫ್ರಂಟ್ ವೀಲ್ ಡ್ರೈವ್ ಆದ್ದರಿಂದ ಒಂದು ಇಂಚು, ಅಂದರೆ 25 ಮಿ.ಮೀ. ಅಲ್ಲಿಗೆ ನಿಲ್ಲಿಸಿ. ಅದೂ ಬೇಕಾಗುತ್ತದೋ ಇಲ್ಲವೋ ಅನ್ನುವುದನ್ನು ಮೊದಲು ನೋಡೋಣ. ಈ ಪ್ರಶ್ನೆ ಮದ್ದೂರಿನಿಂದಲೂ ಬರುತ್ತದೆ, ಮಳವಳ್ಳಿಯಿಂದಲೂ ಬರುತ್ತದೆ. ಎಲ್ಲರೂ ಎಷ್ಟು ಇಂಚು ಅಂತ ಕೇಳುತ್ತಾರೆ. ಎಲ್ಲಿ ತಾಗುತ್ತಿದೆ ಅಂತ ನೋಡಿಕೊಂಡು ಬಂದವರು ಕಡಿಮೆ.

ಗಾಡಿಯನ್ನು ವಾಟರ್ ಸರ್ವೀಸ್‌ಗೆ ಬಿಟ್ಟಾಗ ಮೇಲೆತ್ತಿರುತ್ತಾರಲ್ಲ, ಆಗ ಟಾರ್ಚ್ ಹಿಡಿದು ಅಡಿಗೆ ಹೋಗಿ. ಹೊಸ ಗೀರು ಹೊಳೆಯುತ್ತದೆ, ಹಳೇದಕ್ಕೆ ತುಕ್ಕು ಹಿಡಿದಿರುತ್ತದೆ. ಗೀರು ಮುಂದಿನ ಬಂಪರಿನ ತುಟಿಯಲ್ಲಿದ್ದರೆ ಗಾಡಿ ಏರು ಹತ್ತುವಾಗ ಮೂಗು ತಾಗುತ್ತಿದೆ ಅಂತ. ಎಂಜಿನ್ ಅಡಿಯ ಆಯಿಲ್ ಚೇಂಬರ್ ಕೆಳಗೆ ಅಥವಾ ನಡುವಿನ ಸೈಲೆನ್ಸರ್ ಪೈಪಿನ ಮೇಲೆ ಇದ್ದರೆ ಜಾಡಿನ ಮಧ್ಯದ ದಿಬ್ಬ ಉಜ್ಜುತ್ತಿದೆ. ಹಿಂದಿನ ಮಡ್‌ಫ್ಲ್ಯಾಪ್, ಟೋ ಹುಕ್ ಹತ್ತಿರ ಇದ್ದರೆ ಗಾಡಿ ಭಾರಕ್ಕೆ ಹಿಂದೆ ಕೂರುತ್ತಿದೆ. ಇನ್ನು ಗೀರು ಹಿಂದಿನ ಎರಡು ಚಕ್ರಗಳ ನಡುವಿನ ಬೀಮ್ ಮೇಲೇ ಇದ್ದರೆ, ನೀವು ಎಷ್ಟೇ ಇಂಚು ಲಿಫ್ಟ್ ಮಾಡಿಸಿ, ಆ ಜಾಗ ಅಷ್ಟು ಮೇಲೇಳುವುದಿಲ್ಲ.

ಯಾಕಂದರೆ ಸಸ್ಪೆನ್ಷನ್ ಲಿಫ್ಟ್ ಎತ್ತುವುದು ಬಾಡಿಯನ್ನು, ಅದಕ್ಕೆ ಕಚ್ಚಿಕೊಂಡ ಎಂಜಿನ್ನನ್ನು. ಚಕ್ರಕ್ಕೆ ಸೇರಿಕೊಂಡ ಬೀಮ್, ಆಕ್ಸಲ್ ಇವೆಲ್ಲ ಹೆಚ್ಚಾಗಿ ಟೈರಿನ ಎತ್ತರವನ್ನೇ ನಂಬಿಕೊಂಡಿರುತ್ತವೆ. ಬೊಲೆರೊ ತರಹದ ರಿಯರ್ ವೀಲ್ ಡ್ರೈವ್ ಗಾಡಿಗಳಲ್ಲಿ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಗುಂಡು, ಅಂದರೆ ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳ ಗೂಡು ಇರುತ್ತದೆ. ಅದು ತಾಗುತ್ತಿದ್ದರೂ ಇದೇ ಮಾತು. ಲಿಫ್ಟ್ ಮಾಡಿಸಿದ ಮೇಲೂ ಗುಂಡು ಇದ್ದಲ್ಲೇ ಇರುತ್ತದೆ.

ಎರಡನೇ ಕೆಲಸಕ್ಕೆ ಬಟ್ಟೆ ಅಳೆಯುವ ಟೇಪು ಸಾಕು. ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲದಂಥ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ಅದರ ಮೇಲಿನ ಫೆಂಡರ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ, ಅದಕ್ಕೇ ಚಕ್ರದ ಮಧ್ಯದಿಂದ. ನಾಲ್ಕೂ ಮೂಲೆ ಬರೆದುಕೊಳ್ಳಿ. ಆಮೇಲೆ ತೋಟಕ್ಕೆ ಹೋಗುವಾಗ ಎಷ್ಟು ಜನ, ಎಷ್ಟು ಮೂಟೆ ಇರುತ್ತದೋ ಅಷ್ಟನ್ನೂ ತುಂಬಿಕೊಂಡು ಇನ್ನೊಂದು ಸಲ ಅಳೆಯಿರಿ. ಖಾಲಿ ಗಾಡಿಯಲ್ಲೇ ಎಡ ಬಲಕ್ಕೆ ಒಂದು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ, ಅಥವಾ ಅದೇ ಮಾಡೆಲ್ಲಿನ ಹೊಸ ಗಾಡಿಗಿಂತ ನಿಮ್ಮದು ಕೆಳಗಿದ್ದರೆ, ಸ್ಪ್ರಿಂಗ್ ಜಗ್ಗಿದೆ. ಐದು ವರ್ಷ ಹಳ್ಳಿ ಹಂಪ್ ಹಾರಿಸಿ, ಹಿಂದೆ ಮೂಟೆ ಹೊತ್ತ ಗಾಡಿಯಲ್ಲಿ ಇದು ಆಗುವಂಥದ್ದೇ. ಆಗ ಕಂಪನಿಯದ್ದೇ ಹೊಸ ಸ್ಪ್ರಿಂಗ್, ಜೊತೆಗೆ ಶಾಕ್ ಅಬ್ಸಾರ್ಬರ್ ಹಾಕಿಸಿ. ಕಳೆದುಹೋದ ಎತ್ತರ ವಾಪಸ್ ಬರುತ್ತದೆ. ಇದಕ್ಕೆ ಯಾವ ಕಾನೂನಿನ ತಕರಾರೂ ಇಲ್ಲ. ಖಾಲಿ ಇದ್ದಾಗ ಸರಿಯಾಗಿದ್ದು, ಲೋಡ್ ಹಾಕಿದಾಗ ಮಾತ್ರ ಹಿಂದೆ ಕೂರುವ ಗಾಡಿಗೆ ಬೇಕಾದದ್ದು ಹಿಂದೆ ಮಾತ್ರ ಸ್ವಲ್ಪ ಗಟ್ಟಿ ಸ್ಪ್ರಿಂಗ್. ಅದಕ್ಕೆ ಲಿಫ್ಟ್ ಮಾಡಿಸುವುದು ದುಡ್ಡು ದಂಡ.

ಆಮೇಲೆ ಟೈರು. ಟೈರಿನ ವ್ಯಾಸ ಎಷ್ಟು ಹೆಚ್ಚುತ್ತದೋ ಅದರಲ್ಲಿ ಅರ್ಧ ಮಾತ್ರ ಗಾಡಿ ಮೇಲೇಳುತ್ತದೆ. 215/65 ಆರ್16 ಟೈರಿನ ವ್ಯಾಸ ಸುಮಾರು 686 ಮಿ.ಮೀ. ಅದರ ಬದಲು 215/70 ಆರ್16 ಹಾಕಿದರೆ 707 ಆಗುತ್ತದೆ. ಗಾಡಿ ಏರಿದ್ದು 10–11 ಮಿ.ಮೀ. ಕಡಿಮೆ ಅನ್ನಿಸಬಹುದು. ಆದರೆ ಬೀಮ್, ಗುಂಡು, ಚೇಂಬರ್ ಎಲ್ಲವೂ ಏರುವುದು ಇದರಿಂದ ಮಾತ್ರ. ಸ್ಪೀಡೋಮೀಟರ್ ಶೇ. 3ರಷ್ಟು ಕಡಿಮೆ ತೋರಿಸಲು ಶುರುಮಾಡುತ್ತದೆ, ಅದು ನೆನಪಿರಲಿ. ಚಾಲಕನ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ, ಇಲ್ಲವೇ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಕಂಪನಿ ಒಪ್ಪಿದ ಸೈಜುಗಳಿರುತ್ತವೆ. ಅದರ ಆಚೆ ಹೋಗಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ತಾಗುತ್ತಿರುವುದು ಚೇಂಬರ್ ಅಥವಾ ನಡುಹೊಟ್ಟೆ, ಸ್ಪ್ರಿಂಗೂ ಚೆನ್ನಾಗಿದೆ ಅಂತಾದರೆ ಲಿಫ್ಟ್ ಮಾತಿಗೆ ಬರೋಣ.

ಟೂ ವೀಲ್ ಡ್ರೈವ್ ಅಂದರೆ ಎಲ್ಲ ಒಂದೇ ಅಲ್ಲ. ಯಾವ ಚಕ್ರ ಎಳೆಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಕ್ರೆಟಾ, ಬ್ರೆಝಾ, ನೆಕ್ಸಾನ್ ಇವೆಲ್ಲ ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಎಂಜಿನ್ನಿನಿಂದ ಎರಡೂ ಚಕ್ರಕ್ಕೆ ಡ್ರೈವ್‌ಶಾಫ್ಟ್ ಹೋಗುತ್ತದೆ, ಅದರ ತುದಿಗಳಲ್ಲಿ ಬಾಗಿದಾಗಲೂ ತಿರುಗುವ ಸಿ.ವಿ. ಜಾಯಿಂಟ್ ಇರುತ್ತದೆ. ಲಿಫ್ಟ್ ಮಾಡಿದಾಗ ಎಂಜಿನ್ ಮೇಲೆ ಹೋಗುತ್ತದೆ, ಚಕ್ರ ಕೆಳಗೇ ಉಳಿಯುತ್ತದೆ, ಶಾಫ್ಟ್ ಇಳಿಜಾರಾಗುತ್ತದೆ. ಮಣಿಕಟ್ಟು ಬಗ್ಗಿಸಿಕೊಂಡೇ ಇಡೀ ದಿನ ಗುದ್ದಲಿ ಹಿಡಿದ ಹಾಗೆ ಆ ಜಾಯಿಂಟ್ ಕೆಲಸ ಮಾಡಬೇಕು. 25 ಮಿ.ಮೀ.ವರೆಗೆ ತಡೆದುಕೊಳ್ಳುತ್ತದೆ. 50 ಮಿ.ಮೀ. ಆದರೆ ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ನಡುಗುವುದು, ತಿರುವಿನಲ್ಲಿ ಕಟಕಟ ಸದ್ದು, ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟ್ ಹರಿಯುವುದು ಒಂದೊಂದೇ ಶುರುವಾಗುತ್ತದೆ. ಬೂಟ್ ಹರಿದರೆ ಗ್ರೀಸ್ ಆಚೆ ಚಿಮ್ಮುತ್ತದೆ, ಗದ್ದೆ ಕೆಸರು ಒಳಗೆ ಹೋಗುತ್ತದೆ. ಆಮೇಲೆ ಶಾಫ್ಟ್ ಉಳಿಯುವುದಿಲ್ಲ.

ಬೊಲೆರೊ, ಸ್ಕಾರ್ಪಿಯೊ, ಥಾರ್‌ನ ಟೂ ವೀಲ್ ಡ್ರೈವ್ ಮಾಡೆಲ್‌ಗಳು ಹಿಂದಿನ ಚಕ್ರದಿಂದ ತಳ್ಳುವ ಗಾಡಿಗಳು. ಮುಂದೆ ಡ್ರೈವ್‌ಶಾಫ್ಟೇ ಇಲ್ಲ, ಹಾಗಾಗಿ ಆ ತಲೆನೋವೂ ಇಲ್ಲ. ಇವಕ್ಕೆ 40 ಮಿ.ಮೀ.ವರೆಗೆ ಹೋಗಬಹುದು ಅನ್ನುವುದು ನನ್ನ ಲೆಕ್ಕ. ಹಿಂದೆ ಲೀಫ್ ಸ್ಪ್ರಿಂಗ್ ಇದ್ದರೆ ಒಂದು ಪ್ಲೇಟ್ ಜಾಸ್ತಿ ಹಾಕಿಸುತ್ತಾರೆ, ಇಲ್ಲವೇ ಸ್ಪ್ರಿಂಗಿನ ತುದಿಯನ್ನು ಗಾಡಿಗೆ ಹಿಡಿದಿಡುವ ಕೊಂಡಿ, ಅಂದರೆ ಶ್ಯಾಕಲ್, ಉದ್ದದ್ದು ಹಾಕುತ್ತಾರೆ. ಶ್ಯಾಕಲ್ ಎಷ್ಟು ಉದ್ದ ಮಾಡಿದರೋ ಅದರ ಅರ್ಧದಷ್ಟೇ ಗಾಡಿ ಏರುತ್ತದೆ. ಪ್ಲೇಟ್ ಹಾಕಿಸಿದರೆ ಖಾಲಿ ಗಾಡಿ ಬಡಿಯುತ್ತದೆ, ಹಿಂದೆ ಕೂತವರ ಬೆನ್ನು ಕೇಳಿ. ಲೀಫ್ ಸ್ಪ್ರಿಂಗಿನ ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ವಾಲ್ವ್ ಇರುತ್ತದೆ. ಆಕ್ಸಲ್‌ಗೂ ಬಾಡಿಗೂ ನಡುವಿನ ಅಂತರ ನೋಡಿ ಅದು ಲೋಡ್ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ. ಲಿಫ್ಟ್ ಆದ ಮೇಲೆ ಅದಕ್ಕೆ ಗಾಡಿ ಯಾವಾಗಲೂ ಖಾಲಿಯೇ. ಲೋಡ್ ತುಂಬಿದ್ದರೂ ಹಿಂದಿನ ಬ್ರೇಕ್ ಕಮ್ಮಿ ಹಿಡಿಯುತ್ತದೆ. ಆ ವಾಲ್ವಿನ ಕಡ್ಡಿಯನ್ನು ಹೊಸ ಎತ್ತರಕ್ಕೆ ಸೆಟ್ ಮಾಡಿಸಲೇಬೇಕು. ಮೆಕ್ಯಾನಿಕ್ ಇದರ ಮಾತೇ ಎತ್ತದಿದ್ದರೆ ಗಾಡಿಯನ್ನು ಬೇರೆ ಕಡೆ ಒಯ್ಯಿರಿ.

ಇನ್ನು ಏನು ಹಾಕಿ ಎತ್ತುತ್ತಾರೆ ಅನ್ನುವುದು. ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ. ಅದನ್ನು ಲಿಫ್ಟ್ ಅನ್ನಬೇಡಿ. ಅಷ್ಟು ಸುರುಳಿ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ, ಉಳಿದ ಸುರುಳಿಗಳ ಮೇಲೆ ಭಾರ ಬೀಳುತ್ತದೆ. ಸರಿಯಾದ ದಾರಿ ಎರಡು. ಒಂದು, ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ, ಅದರ ತಲೆಯ ಮೇಲೆ ಕೂರುವ ಸ್ಪೇಸರ್ ಎಂಬ ದಪ್ಪ ಬಿಲ್ಲೆ. ಇದರಿಂದ ಸವಾರಿ ಮೊದಲಿನ ಹಾಗೇ ಇರುತ್ತದೆ. ಆದರೆ ಚಕ್ರ ಗುಂಡಿಗೆ ಇಳಿದಾಗ ಪೂರ್ತಿ ಸ್ಟ್ರಟ್ಟೇ ಅಷ್ಟು ಕೆಳಗೆ ಹೋಗುವುದರಿಂದ ಡ್ರೈವ್‌ಶಾಫ್ಟ್ ಇನ್ನೂ ಬಾಗುತ್ತದೆ. ಇನ್ನೊಂದು, ಸ್ಪ್ರಿಂಗ್ ಕೂರುವ ಜಾಗಕ್ಕೆ ಹಾಕುವ ಸ್ಪೇಸರ್, ಅಥವಾ ಸ್ವಲ್ಪ ಉದ್ದದ ಸ್ಪ್ರಿಂಗ್. ಇಲ್ಲಿ ಚಕ್ರ ಇಳಿಯುವ ಮಿತಿ ಬದಲಾಗುವುದಿಲ್ಲ, ಆದರೆ ಶಾಕ್ ಅಬ್ಸಾರ್ಬರ್ ಮೊದಲೇ ಚಾಚಿಕೊಂಡಿರುತ್ತದೆ. ಹಂಪ್ ದಾಟಿ ಇಳಿಯುವಾಗ ದಡ್ ಅಂತ ಸದ್ದು ಬಂದರೆ ಅದು ತುದಿ ಮುಟ್ಟಿದೆ ಅಂತ. 25 ಮಿ.ಮೀ. ದಾಟಿದರೆ ಈ ಸದ್ದು ಜಾಸ್ತಿ. ಇನ್ನೊಂದು ವಿಷಯ, ಸ್ಪೇಸರಿನ ದಪ್ಪ ಬೇರೆ, ಗಾಡಿ ಏರುವ ಎತ್ತರ ಬೇರೆ. ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ಡಬಲ್ ವಿಶ್‌ಬೋನ್ ಗಾಡಿಯಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್‌ನ ಮಧ್ಯದಲ್ಲಿ ಕೂತಿದ್ದರೆ, ಅಲ್ಲಿ ಅರ್ಧ ಇಂಚು ಹಾಕಿದರೆ ಚಕ್ರದ ಬಳಿ ಹೆಚ್ಚುಕಡಿಮೆ ಒಂದು ಇಂಚು ಏರಬಹುದು. ಹೇಗಿದ್ದರೂ ಒಂದರ ಮೇಲೊಂದು ಎರಡು ಸ್ಪೇಸರ್ ಜೋಡಿಸಲು ಬಿಡಬೇಡಿ.

25 ಮಿ.ಮೀ. ಅಂದರೆ ಏನು ಸಿಕ್ಕ ಹಾಗಾಯ್ತು? ಕ್ರೆಟಾದ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2,610 ಮಿ.ಮೀ., ಗ್ರೌಂಡ್ ಕ್ಲಿಯರೆನ್ಸ್ 190 ಮಿ.ಮೀ. ನಡುಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕೋನ ಬರೀ ಲೆಕ್ಕದಲ್ಲಿ ಸುಮಾರು 16.5 ಡಿಗ್ರಿ ಬರುತ್ತದೆ. ಒಂದು ಇಂಚು ಏರಿಸಿದರೆ 18.7ರ ಸುತ್ತ. ಜಾಡಿನ ಮಧ್ಯದ ದಿಬ್ಬಕ್ಕೆ ಇದು ಸಾಕಷ್ಟು ಸಲ ಸಾಕು. ಸಾಲದಿದ್ದರೆ ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ದಾರಿಯ ಅಂಚಿಗೆ ಬರುವ ಹಾಗೆ ಓಡಿಸಿ. ಊರಲ್ಲಿ ಟ್ರ್ಯಾಕ್ಟರ್ ಇದ್ದೇ ಇರುತ್ತದೆ, ಒಂದು ಬೆಳಗ್ಗೆ ಬ್ಲೇಡ್ ಎಳೆಸಿದರೆ ಆ ದಿಬ್ಬವೇ ಇರುವುದಿಲ್ಲ. ಲಿಫ್ಟ್ ಕಿಟ್ಟಿಗಿಂತ ಅಗ್ಗ. ಚೇಂಬರ್ ಕೆಳಗೆ ಒಂದು ಗಟ್ಟಿ ಲೋಹದ ಪ್ಲೇಟ್ ಕೂರಿಸುವುದು ನನ್ನ ಮಟ್ಟಿಗೆ ಲಿಫ್ಟ್‌ಗಿಂತ ಮೊದಲು ಮಾಡಬೇಕಾದ ಕೆಲಸ. ಆಯಿಲ್ ಬದಲಿಸಲು ತೂತು ಬಿಟ್ಟಿದ್ದಾರಾ ನೋಡಿಕೊಳ್ಳಿ ಅಷ್ಟೇ.

ಎತ್ತರ ಬಂದ ಮಾತ್ರಕ್ಕೆ ಹಿಡಿತ ಬರುವುದಿಲ್ಲ. ಮಳೆಗಾಲದಲ್ಲಿ ಗದ್ದೆ ಬದುವಿನ ಪಕ್ಕದ ಕೆಸರಲ್ಲಿ ಒಂದು ಚಕ್ರ ಸುತ್ತತೊಡಗಿದರೆ ಸಾಮಾನ್ಯ ಡಿಫರೆನ್ಷಿಯಲ್ ಎಲ್ಲ ಬಲವನ್ನೂ ಅದಕ್ಕೇ ಬಿಟ್ಟುಕೊಡುತ್ತದೆ. ಇನ್ನೊಂದು ಚಕ್ರ ಸುಮ್ನೆ ನಿಂತಿರುತ್ತದೆ. ಬೊಲೆರೊ ನಿಯೊದ ಎನ್10 ಆಪ್ಷನ್ ಮಾಡೆಲ್‌ನಲ್ಲಿ ಇದಕ್ಕೇ ಅಂತ ಲಾಕ್ ಆಗುವ ಡಿಫರೆನ್ಷಿಯಲ್ ಕೊಟ್ಟಿದ್ದಾರೆ. ಬೇರೆಯವರು ಟೈರಿನ ಗಾಳಿಯನ್ನು 20–22 ಪಿ.ಎಸ್.ಐ.ಗೆ ಇಳಿಸಿ ನೋಡಬಹುದು, ಟೈರ್ ನೆಲಕ್ಕೆ ಅಗಲವಾಗಿ ಕೂರುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿಸಬೇಕು. ಡಿಕ್ಕಿಯಲ್ಲಿ ಚಿಕ್ಕ ಕಂಪ್ರೆಸರ್ ಇದ್ದರೆ ಪಂಕ್ಚರ್ ಅಂಗಡಿ ಹುಡುಕುವ ಕೆಲಸ ಇಲ್ಲ.

ಲಿಫ್ಟ್ ಮಾಡಿಸಿಯೇ ತೀರುತ್ತೀರಿ ಅಂದರೆ ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಒಂದು ಕೆಲಸ ಇದೆ. ಚಕ್ರವನ್ನು ಗಾಡಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ಬುಷ್ ಬೋಲ್ಟ್‌ಗಳನ್ನು ಸಡಿಲ ಮಾಡಿ, ಗಾಡಿಯನ್ನು ಚಕ್ರದ ಮೇಲೆ ನೆಲಕ್ಕೆ ಇಳಿಸಿ, ಆಮೇಲೆ ಟೈಟ್ ಮಾಡಬೇಕು. ಚಕ್ರ ನೇತಾಡುತ್ತಿರುವಾಗಲೇ ಟೈಟ್ ಮಾಡಿದರೆ ಬುಷ್‌ನ ರಬ್ಬರ್ ದಿನವಿಡೀ ತಿರುಚಿಕೊಂಡೇ ಇರುತ್ತದೆ, ಬೇಗ ಸೀಳುತ್ತದೆ. ಚಕ್ರ ಪೂರ್ತಿ ಇಳಿಬಿಟ್ಟು, ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಬ್ರೇಕ್ ಹೋಸ್, ಎ.ಬಿ.ಎಸ್. ವೈರ್ ಬಿಗಿಯಾಗುತ್ತಿದೆಯಾ ನೋಡಿಸಿ. ಚಕ್ರಗಳ ಅಲೈನ್‌ಮೆಂಟ್ ಅವತ್ತೇ ಆಗಬೇಕು. ಹೆಡ್‌ಲೈಟ್ ಕೆಳಗಿಳಿಸಿ ಸೆಟ್ ಮಾಡಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕ್ಯಾಮೆರಾ, ರೇಡಾರ್ ನೋಡಿ ಬ್ರೇಕ್ ಹಾಕುವ ಹೊಸ ಗಾಡಿಯಾದರೆ ಅವುಗಳ ಕ್ಯಾಲಿಬ್ರೇಷನ್ ಕೂಡ ಬೇಕು. ಅಂಥ ಗಾಡಿಗೆ ಲಿಫ್ಟೇ ಬೇಡ ಅನ್ನುತ್ತೇನೆ ನಾನು.

ಗಾಡಿಯ ಭಾರ ಮೇಲೇರಿದಷ್ಟೂ ಅದು ತಿರುವಿನಲ್ಲಿ ವಾಲುವುದು ಜಾಸ್ತಿ. ತೋಟದ ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಅದೇ ಗಾಡಿ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವಾಗ, ಯಾರೋ ಅಡ್ಡ ಬಂದು ಸ್ಟೀರಿಂಗ್ ತಟ್ಟನೆ ತಿರುಗಿಸಿದಾಗ ಗೊತ್ತಾಗುತ್ತದೆ. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೂ ಅಷ್ಟೇ. ನಾಲೆಗೆ ಕಾರು ಬಿದ್ದ ಸುದ್ದಿ ಮಂಡ್ಯದವರಿಗೆ ಹೊಸದಲ್ಲ, ತಡೆಗೋಡೆ ಇಲ್ಲದ ಏರಿಯಲ್ಲಿ ವಾಲುವ ಗಾಡಿ ಬೇಡವೇ ಬೇಡ. ನಾನು ಎರಡು ಇಂಚಿಗೆ ಒಪ್ಪದಿರಲು ಡ್ರೈವ್‌ಶಾಫ್ಟಿಗಿಂತ ಇದೇ ದೊಡ್ಡ ಕಾರಣ.

ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಗ್ರೌಂಡ್ ಕ್ಲಿಯರೆನ್ಸ್ ಆರ್.ಸಿ.ಯಲ್ಲಿ ಬರೆದಿರುವುದಿಲ್ಲ, ಯಾರು ಅಳೀತಾರೆ ಅಂತ ಗ್ಯಾರೇಜಿನವರು ಹೇಳಬಹುದು. ಅಳೆಯುವವರು ಆಕ್ಸಿಡೆಂಟ್ ಆದ ಮೇಲೆ ಬರುತ್ತಾರೆ, ಇನ್ಶೂರೆನ್ಸ್ ಸರ್ವೇಯರ್. ಹಾಗಾಗಿ ಮಾಡಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ ಉತ್ತರ ಇಟ್ಟುಕೊಳ್ಳಿ. ವಾರಂಟಿ ಇನ್ನೂ ಉಳಿದಿದ್ದರೆ ಅದು ಮುಗಿಯುವವರೆಗೆ ಕಾಯಿರಿ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಇದು: ಟೇಪು ಹಿಡಿದು ಅಳೆಯಿರಿ, ಸ್ಪ್ರಿಂಗ್ ಜಗ್ಗಿದ್ದರೆ ಬದಲಿಸಿ, ಚೇಂಬರ್‌ಗೆ ಪ್ಲೇಟ್ ಹಾಕಿಸಿ, ಈ ಕಬ್ಬಿನ ಸೀಸನ್ ಹೀಗೇ ಓಡಿಸಿ ನೋಡಿ. ಮತ್ತೂ ತಾಗಿದರೆ 25 ಮಿ.ಮೀ. ಮಾಡಿಸಿ. ಮಾಡಿಸಿದ ಮೇಲೆ ಸಾವಿರ ಕಿಲೋಮೀಟರಿಗೆ ಒಮ್ಮೆ ಬೋಲ್ಟ್ ಟೈಟ್, ಅಲೈನ್‌ಮೆಂಟ್ ನೋಡಿಸಿ. ಮುಂದಿನ ಚಕ್ರದ ಒಳಬದಿಯ ರಿಮ್ ಮೇಲೆ ಕಪ್ಪು ಗ್ರೀಸಿನ ಚುಕ್ಕೆ ಕಂಡರೆ ಬೂಟ್ ಹರಿದಿದೆ, ಅವತ್ತೇ ಗ್ಯಾರೇಜಿಗೆ ಹೋಗಿ. ಡಿಕ್ಕಿಯಲ್ಲಿರುವ ಜಾಕ್ ಹೊಸ ಎತ್ತರಕ್ಕೆ ಎಟುಕುತ್ತದಾ ಅಂತ ಮನೆ ಮುಂದೆಯೇ ಒಮ್ಮೆ ಹಚ್ಚಿ ನೋಡಿ. ಎಟುಕದಿದ್ದರೆ ಒಂದು ದಪ್ಪ ಹಲಗೆ ತುಂಡು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.