ಗಿಡ್ಡ ಸುರುಳಿಗೆ ಯಾವ ಸೂತ್ರ ಹಾಕಬೇಕು?

ಪ್ರಶ್ನೆ: ಗೋಣಿಕೊಪ್ಪದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ವಿಜ್ಞಾನ ಪ್ರದರ್ಶನಕ್ಕೆಂದು ತೋಟದಲ್ಲಿ ಉಳಿದಿದ್ದ 63 ಎಂಎಂ ಪಿವಿಸಿ ಪೈಪಿನ ತುಂಡಿಗೆ 22 ಗೇಜಿನ ತಾಮ್ರದ ತಂತಿಯನ್ನು ಒತ್ತೊತ್ತಾಗಿ 100 ಸುತ್ತು ಸುತ್ತಿದ್ದೇನೆ. ಸುತ್ತಿದ ಭಾಗದ ಉದ್ದ 8 ಸೆಂ.ಮೀ. 1 ಆಂಪೇರ್ ಹರಿಸಿದರೆ ಸುರುಳಿಯ ನಡುವೆ ಕಾಂತಕ್ಷೇತ್ರ ಎಷ್ಟಿರುತ್ತದೆ? ವೃತ್ತಾಕಾರದ ಸುರುಳಿಯ ಸೂತ್ರ ಹಾಕಿದರೆ ಒಂದು ಉತ್ತರ ಬರುತ್ತದೆ, ಸೊಲೆನಾಯ್ಡಿನ ಸೂತ್ರ ಹಾಕಿದರೆ ಇನ್ನೊಂದು. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಪ್ರದರ್ಶನದ ಕಾಲ ಬಂತೆಂದರೆ ಈ ಪ್ರಶ್ನೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು, ಏಕೆಂದರೆ ಪಠ್ಯದ ಆ ಎರಡು ಸೂತ್ರಗಳು ಎರಡು ತುದಿಗಳಿಗೆ ಸೇರಿದವು. ಮೊದಲನೆಯದು ಉದ್ದವೇ ಇಲ್ಲದ, ಬಳೆಯಂಥ ಸುರುಳಿಗೆ. ಎರಡನೆಯದು ವ್ಯಾಸಕ್ಕಿಂತ ಉದ್ದ ಬಹಳ ಹೆಚ್ಚಿರುವ ಸುರುಳಿಗೆ. ನಿಮ್ಮದು ನಡುವಿನದು. ಕೈಯಲ್ಲಿ ಮಾಡುವ ಸುರುಳಿಗಳು ಹೆಚ್ಚಿನವು ಹೀಗೇ ಇರುತ್ತವೆ.

ಲೆಕ್ಕ ಹಾಕಿ ನೋಡೋಣ. ತಂತಿಯ ದಪ್ಪವೂ ಸೇರಿ ಸುರುಳಿಯ ವ್ಯಾಸ ಸುಮಾರು 6.4 ಸೆಂ.ಮೀ. ಅಳತೆ ಸೆಂಟಿಮೀಟರಿನಲ್ಲೂ ಉತ್ತರ ಮಿಲಿಟೆಸ್ಲಾದಲ್ಲೂ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಮಾನ) ಬೇಕಾದರೆ, ಸುತ್ತುಗಳ ಸಂಖ್ಯೆಯನ್ನು ಆಂಪೇರಿನಿಂದ ಗುಣಿಸಿ, ಮತ್ತೆ 0.1257ರಿಂದ ಗುಣಿಸಿ, ಒಂದು ಉದ್ದದಿಂದ ಭಾಗಿಸಿದರಾಯಿತು. (ಮ್ಯೂ-ನಾಟ್ ಎಂಬ ಸ್ಥಿರಾಂಕ, ಅಂದರೆ 4 ಪೈ × 10⁻⁷, ಆ 0.1257ರೊಳಗೇ ಸೇರಿಕೊಂಡಿದೆ.) ಯಾವ ಉದ್ದದಿಂದ ಭಾಗಿಸಬೇಕು ಎನ್ನುವುದೇ ಇಲ್ಲಿರುವ ಪ್ರಶ್ನೆ. ಬಳೆಯ ಸೂತ್ರ ವ್ಯಾಸದಿಂದ ಭಾಗಿಸುತ್ತದೆ: 1.96 ಮಿಲಿಟೆಸ್ಲಾ. ಸೊಲೆನಾಯ್ಡಿನ ಸೂತ್ರ ಸುರುಳಿಯ ಉದ್ದದಿಂದ ಭಾಗಿಸುತ್ತದೆ: 1.57.

ನಿಜವಾಗಿ ಭಾಗಿಸಬೇಕಾದದ್ದು ಕರ್ಣದಿಂದ. ಸುರುಳಿಯನ್ನು ಪಕ್ಕದಿಂದ ನೋಡಿದರೆ 8 ಸೆಂ.ಮೀ. ಉದ್ದ, 6.4 ಸೆಂ.ಮೀ. ಎತ್ತರದ ಆಯತ ಕಾಣುತ್ತದೆ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಪೈಥಾಗೊರಸ್ ಪ್ರಕಾರ 10.25 ಸೆಂ.ಮೀ. ಹಾಗಾಗಿ ಉತ್ತರ 1.23 ಮಿಲಿಟೆಸ್ಲಾ. ಉದ್ದ ಸೊನ್ನೆಯಾದರೆ ಕರ್ಣವೇ ವ್ಯಾಸವಾಗುತ್ತದೆ, ಉದ್ದ ವಿಪರೀತ ಹೆಚ್ಚಿದರೆ ಕರ್ಣಕ್ಕೂ ಉದ್ದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಪಠ್ಯದ ಎರಡು ಸೂತ್ರಗಳೂ ಈ ಒಂದರಿಂದಲೇ ಹುಟ್ಟುತ್ತವೆ. ಇದನ್ನು ತರಗತಿಯಲ್ಲಿ ಮೊದಲು ಹೇಳಿಕೊಟ್ಟು, ಆಮೇಲೆ ಆ ಎರಡಕ್ಕೆ ಹೋಗಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಕರ್ಣ ಎಲ್ಲಿಂದ ಬಂತು? 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ವಿದ್ಯುತ್ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಪ್ರಕಟಿಸಿದ. ಅದೇ ವರ್ಷ ಫ್ರಾನ್ಸಿನ ಬಯೋ ಮತ್ತು ಸವಾರ್ ಅದನ್ನು ಅಳೆದು ನಿಯಮಕ್ಕೆ ತಂದರು. ಆ ನಿಯಮದಂತೆ ಒಂದು ಸುತ್ತು ತನ್ನ ಅಕ್ಷದ ಮೇಲಿನ ಬಿಂದುವಿಗೆ ಕೊಡುವ ಕ್ಷೇತ್ರ, ಆ ಬಿಂದುವಿನಿಂದ ತಂತಿಗಿರುವ ನೇರ ದೂರದ ಘನಕ್ಕೆ ವಿಲೋಮವಾಗಿರುತ್ತದೆ. ನಿಮ್ಮ ಸುರುಳಿಯ ಕೇಂದ್ರದಿಂದ ನಡುವಿನ ಸುತ್ತಿಗೆ 3.2 ಸೆಂ.ಮೀ. ದೂರ, ಕೊನೆಯ ಸುತ್ತಿಗೆ 5.12 ಸೆಂ.ಮೀ., ಅಂದರೆ ಸರಿಯಾಗಿ ಅರ್ಧ ಕರ್ಣ. ಘನಗಳನ್ನು ಹೋಲಿಸಿದರೆ, ನಡುವಿನ ಸುತ್ತು ಕೊಡುವುದರ ಕಾಲು ಭಾಗವನ್ನಷ್ಟೇ ಕೊನೆಯ ಸುತ್ತು ಕೊಡುತ್ತದೆ. ನೂರೂ ಸುತ್ತುಗಳು ಕೇಂದ್ರದಲ್ಲೇ ಇವೆ ಎಂದುಕೊಂಡ ಬಳೆಯ ಸೂತ್ರ ಅದಕ್ಕೇ ಅಷ್ಟು ಹೆಚ್ಚು ತೋರಿಸಿತು. ತುದಿಯ ಬಾಯಲ್ಲಂತೂ ಕ್ಷೇತ್ರ 0.73 ಮಿಲಿಟೆಸ್ಲಾಕ್ಕೆ ಇಳಿದಿರುತ್ತದೆ. ಹಲವು ಪದರ ಸುತ್ತಿದ್ದರೆ ಒಳ-ಹೊರ ವ್ಯಾಸಗಳ ಸರಾಸರಿ ಹಿಡಿಯಿರಿ, ಪದರ ತೆಳುವಾಗಿದ್ದರೆ ಅಷ್ಟು ಸಾಕು.

ಲೆಕ್ಕ ನಂಬುವ ಮೊದಲು ಪರೀಕ್ಷಿಸಿ. ಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಪೂರ್ತಿ ಸಮಾಂತರವಾಗಿರುವ ರೇಖೆ, ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ (1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದು ಇದೇ ಕಾರಣಕ್ಕೆ). ಆದ್ದರಿಂದ ಕೊಡಗಿನಲ್ಲಿ ಭೂಮಿಯ ಕಾಂತಕ್ಷೇತ್ರ ಬಹುಪಾಲು ನೆಲಕ್ಕೆ ಸಮಾಂತರವಾಗಿದೆ, ಪ್ರಮಾಣ ಸುಮಾರು 40 ಮೈಕ್ರೋಟೆಸ್ಲಾ. ಸುರುಳಿಯ ಅಕ್ಷವನ್ನು ಪೂರ್ವ-ಪಶ್ಚಿಮವಾಗಿಡಿ. ಕೇಂದ್ರದಿಂದ 15 ಸೆಂ.ಮೀ. ದೂರದಲ್ಲಿ, ಪುಸ್ತಕಗಳನ್ನು ಪೇರಿಸಿ ಅಕ್ಷದ ಎತ್ತರಕ್ಕೇ ದಿಕ್ಸೂಚಿ ಇಡಿ. 1 ಆಂಪೇರ್ ಹರಿದಾಗ ಅಲ್ಲಿ ಸುರುಳಿಯ ಕ್ಷೇತ್ರ ಲೆಕ್ಕದ ಪ್ರಕಾರ 20 ಮೈಕ್ರೋಟೆಸ್ಲಾ, ಮುಳ್ಳು ಸುಮಾರು 27 ಡಿಗ್ರಿ ತಿರುಗಬೇಕು. 20 ಸೆಂ.ಮೀ.ಗೆ ಸರಿಸಿದರೆ 12 ಡಿಗ್ರಿ. ಬ್ಯಾಟರಿಯ ತುದಿಗಳನ್ನು ಅದಲು ಬದಲು ಮಾಡಿ ಇನ್ನೊಂದು ಕಡೆಯ ಕೋನವನ್ನೂ ಓದಿ, ಎರಡರ ಸರಾಸರಿ ತೆಗೆದುಕೊಳ್ಳಿ. ಸ್ಟೀಲ್ ಬೀರು, ಕಬ್ಬಿಣದ ಮೇಜು, ಪಂಪ್‌ಸೆಟ್ ಎಲ್ಲವೂ ದೂರವಿರಲಿ.

ಒಂದು ಎಚ್ಚರಿಕೆ. ನಿಮ್ಮ 20 ಮೀಟರ್ ತಂತಿಯ ರೋಧ 1 ಓಮ್ ಕೂಡ ಇಲ್ಲ. ಮಳೆಗಾಲಕ್ಕೆಂದು ಮನೆಯಲ್ಲಿಟ್ಟ ಇನ್ವರ್ಟರ್ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಹತ್ತು ಆಂಪೇರಿಗೂ ಮೀರಿ ಹರಿದು ತಂತಿ ಸುಡುತ್ತದೆ, ಬೆಂಕಿಯೂ ಹೊತ್ತಬಹುದು. ಬೈಕಿನ 12 ವೋಲ್ಟ್, 10 ವಾಟ್ ಇಂಡಿಕೇಟರ್ ಬಲ್ಬನ್ನು ಸರಣಿಯಲ್ಲಿ ಹಾಕಿ, ಒಂದು ಫ್ಯೂಸನ್ನೂ ಸೇರಿಸಿ. ಆಗ ಸುಮಾರು 0.8 ಆಂಪೇರ್ ಸಿಗುತ್ತದೆ. ಮಲ್ಟಿಮೀಟರ್ ತೋರಿಸಿದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಪೈಪಿನೊಳಗೆ ಕಬ್ಬಿಣದ ಬೋಲ್ಟ್ ತೂರಿಸಿದರೆ ಈ ಲೆಕ್ಕ ನಡೆಯುವುದಿಲ್ಲ. ಕಬ್ಬಿಣದ ಪಾರಗಮ್ಯತೆ (ಕಾಂತಕ್ಷೇತ್ರವನ್ನು ಹೆಚ್ಚಿಸುವ ಗುಣ) ಸಾವಿರಗಟ್ಟಲೆ ಇದೆಯೆಂದು 1.23ನ್ನು ಸಾವಿರದಿಂದ ಗುಣಿಸುವವರಿದ್ದಾರೆ. ತುದಿಗಳು ತೆರೆದಿರುವ ಸರಳಿನಲ್ಲಿ ಆ ತುದಿಗಳ ಧ್ರುವಗಳೇ ಒಳಗಿನ ಕ್ಷೇತ್ರಕ್ಕೆ ಎದುರು ನಿಲ್ಲುತ್ತವೆ. ಉದ್ದ ದಪ್ಪದ ಹತ್ತು ಪಟ್ಟಿರುವ ಸರಳಿನೊಳಗೂ ಕ್ಷೇತ್ರ ಕೆಲವು ಹತ್ತು ಪಟ್ಟು ಮಾತ್ರ ಹೆಚ್ಚುತ್ತದೆ. ಪ್ರದರ್ಶನದಲ್ಲಿ ಮೊದಲು ಖಾಲಿ ಪೈಪಿನಲ್ಲೇ ಕೋನ ಅಳೆದು ತೋರಿಸಿ, ಬೋಲ್ಟ್ ಹಾಕಿ ಮತ್ತೆ ಅಳೆಯಿರಿ, ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಡಿ.